‘ಎಳೆ’ ಪದಕ್ಕೆ ಎರಡು ಅರ್ಥ

ಆದವಾನಿ, ೧೩ ನವೆಂಬರ್ ೨೦೨೫, ಗುರುವಾರ

ನನ್ನ ಉತ್ತರ ವ್ಯಾಕರಣಶುದ್ಧವಾಗಿತ್ತು. ಅದರಿಂದ ಒಬ್ಬನ ಕೈ ಮುರಿಯಿತು.

ನನ್ನ ಮನೆಯ ಎದುರಿನ ಕಾರ್ಖಾನೆಯಲ್ಲಿ ಹಳೆಯ ನೈಲಾನ್ ಸೀರೆಗಳ ನೂಲನ್ನು ಕರಗಿದ ಪ್ಲಾಸ್ಟಿಕ್ಕಿಗೆ ಬೆರೆಸಿ ಹಲಗೆ ಮಾಡುತ್ತಾರೆ. ಬೆಳಿಗ್ಗೆ ಉರುಳೆಗೆ ನೂಲು ಸುತ್ತಿಕೊಂಡಾಗ ಯಂತ್ರ ನಡೆಸುವ ಸಿದ್ದಲಿಂಗೇಶ “ಎಳಿ! ಎಳಿ!” ಎಂದು ಕೂಗಿದನಂತೆ. ಕೆಲಸದ ಎರ್ರಮ್ಮ ನೂಲಿಗೆ ಕೈಹಾಕಿ ಎಳೆದಳು. ಹತ್ತಿಯ ಗಿರಣಿಯಲ್ಲಿ ಪಳಗಿದ ಕೈ ಅದು. ಹತ್ತಿಯಾದರೆ ಎಳೆದೊಡನೆ ಹರಿಯುತ್ತದೆ. ಇದು ಹರಿಯಲಿಲ್ಲ. ಬೆರಳುಗಳನ್ನು ಬಿಗಿದು, ಮುಂಗೈಯನ್ನು ಒಳಕ್ಕೆ ಸೆಳೆದು, ಮಣಿಕಟ್ಟಿನಲ್ಲಿ ಕತ್ತರಿಸಿತು.

ಮಧ್ಯಾಹ್ನ ಆಕೆಯ ತಮ್ಮ ಮಲ್ಲಯ್ಯ ಕೋಸಗಿಯಿಂದ ಜನರೊಡನೆ ಬಂದು, ಸಿದ್ದಲಿಂಗೇಶನನ್ನು ಥಳಿಸಿ, ಕೂದಲು ಹಿಡಿದು ನನ್ನ ಜಗುಲಿಗೇ ತಂದನು. ಸಿದ್ದಲಿಂಗೇಶನ ಬಾಯಿಂದ ರಕ್ತ ಸುರಿಯುತ್ತಿತ್ತು.

“ಮಾಸ್ತರ್ರ, ಎಳಿ ಸಿಕ್ಕೈತಿ ಅಂತ ಕೂಗಿನ್ರಿ. ಜಗ್ಗು ಅಂದಿಲ್ರಿ!” ಎಂದು ಸಿದ್ದಲಿಂಗೇಶ ಗೋಗರೆದನು.

“ಸುಳ್ಳ ಬೊಗಳ್ತಾನ್ರಿ. ಕನ್ನಡ ಓದಿದವ್ರು ನೀವ ಹೇಳ್ರಿ, ಎಳಿ ಅಂದ್ರ ದಾರಾನೋ, ಜಗ್ಗೋದೋ?” ಎಂದನು ಮಲ್ಲಯ್ಯ.

ನೂಲು ಎಂದಷ್ಟೇ ಹೇಳಬಹುದಿತ್ತು. ನಾನು, “ನಾಮಪದವೂ ಹೌದು, ಕ್ರಿಯಾಪದವೂ ಹೌದು, ಎರಡು ಅರ್ಥ,” ಎಂದೆನು.

“ಎರಡಾ?” ಮಲ್ಲಯ್ಯ ನಕ್ಕನು. “ಒಂದಕ್ಕ ಹೊಡದಾಯ್ತು, ಇನ್ನೊಂದು ಬಾಕಿ ಐತಿ. ಹಿಡೀರಲೇ ಇವನ್ನ!”

ಕಾರ್ಖಾನೆಯ ಹಲಗೆಯಿಂದಲೇ ಹೊಡೆದರು. ಹಲಗೆಗೆ ಗೀರೂ ಬೀಳಲಿಲ್ಲ; ಅವನ ಮೊಣಕೈ ಹಿಮ್ಮುಖವಾಗಿ ಮಡಚಿಕೊಂಡಿತು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಸಂಜೆ ಆಸ್ಪತ್ರೆಯಲ್ಲಿ ಎರ್ರಮ್ಮನಿಗೆ ಎಚ್ಚರವಾಯಿತು. ಅವನು ಕೂಗಿದ್ದು ಯಾವ ಅರ್ಥದಲ್ಲಿ ಎಂದು ಕೇಳಿದೆನು.

“ಕೂಗಿದ್ನಾ?” ಎಂದಳು. “ಆ ಮಷೀನ್ ಸದ್ದಿನಾಗ ನನಗ ಏನೂ ಕೇಳಿಲ್ರಿ. ಸುತ್ಕೊಂಡಿತ್ತು, ಜಗ್ಗಿದೆ.”

ಮಗ್ಗುಲ ಕೋಣೆಯಲ್ಲಿ ಸಿದ್ದಲಿಂಗೇಶ ನರಳುತ್ತಿದ್ದನು. ಅವನಿಗೆ ಇದನ್ನು ನಾನು ಯಾವ ಬಾಯಿಂದ ಹೇಳಲಿ?