ಅಷ್ಟಮಿ ಮೂಡೆಯ ಉಪ್ಪು

ಆಶಾ,

ಜೆಪ್ಪಿನಲ್ಲಿ ಕಾವ್ಯ ಓದುವಲ್ಲಿಗೆ ಹೊರಟೆ. ಕೃಷ್ಣ ಹುಟ್ಟುವ ಭಾಗ ಇವತ್ತೇ, ತಪ್ಪಿಸಲು ಮನಸ್ಸು ಬರಲಿಲ್ಲ. ಆರು ಗಂಟೆಗೆ ಬರ್ತೇನೆ.

ಮೂಡೆಯ ಹಿಟ್ಟು ಚೆನ್ನಾಗಿ ಉಬ್ಬಿ ಬಂದಿದೆ. ಎಲೆಯ ಕೊಟ್ಟೆ ಹದಿನೆಂಟು ಉಂಟು, ಒಂದೊಂದನ್ನೂ ಮುಕ್ಕಾಲು ಮಾತ್ರ ತುಂಬಿಸಿ ಹಬೆಯಲ್ಲಿ ಬೇಯಿಸು. ಸ್ಟವ್‌ಗೆ ಸೀಮೆಎಣ್ಣೆ ಹಾಕಿದ್ದೇನೆ. ಬಸಳೆ ತೊಳೆದಿಟ್ಟಿದ್ದೇನೆ, ಮೂಡೆಗೆ ಕೂಡಿಕೊಳ್ಳಲು ಅದರ ಗಸಿ ನಾನು ಬಂದು ಮಾಡ್ತೇನೆ.

ಹಿಟ್ಟಿಗೆ ಉಪ್ಪು ಹಾಕಿಲ್ಲ. ನೀನೇ ಹಾಕು. ಹೋದ ವರ್ಷ ನೀನು ಹಾಕುವ ಮೊದಲೇ ನಾನೂ ಹಾಕಿದ್ದೆ, ಹೇಳಲು ಮರೆತೆ. ದೇವರಿಗೆ ಇಡುವ ಮೊದಲು ರುಚಿ ನೋಡುವ ಹಾಗೂ ಇಲ್ಲವಲ್ಲ. ಊಟದ ಹೊತ್ತಿಗೆ ಗುಲಾಬಿ ಅತ್ತಿಗೆ ಎಲ್ಲರೆದುರು, "ಎಂತ ಮಾರಾಯ್ತಿ, ಕಡಲ ನೀರಲ್ಲಿ ಕಲಸಿದ್ದಾ?" ಅಂತ ನಿನ್ನನ್ನು ಕೇಳಿದರು. ನಾನು ತಲೆ ತಗ್ಗಿಸಿ ಗಸಿ ಬಡಿಸಿದೆ. ನೀನು ಒಳಗೆ ಹೋಗಿ ಕಣ್ಣೊರೆಸಿಕೊಂಡದ್ದು ಕಂಡಿದ್ದೆ.

ಅತ್ತಿಗೆ ಇವತ್ತೂ ಬರ್ತಾರೆ. ಹೆದರಬೇಡ, ನಿನ್ನ ಕೈಗೆ ಸರಿ ಕಂಡಷ್ಟು ಹಾಕು. ಉಪವಾಸ ಅಂತ ಕಾಫಿ ಬಿಡಬೇಡ, ಹಾಲು ಕಾಯಿಸಿಟ್ಟಿದ್ದೇನೆ.

ಊಟಕ್ಕೆ ಎಲೆ ಹಾಕಿದ ಮೇಲೆ ಹೋದ ವರ್ಷದ ವಿಷಯ ಅವರಿಗೆ ನಾನೇ ಹೇಳ್ತೇನೆ. ಈ ಸಲವೂ ಉಪ್ಪು ಹೆಚ್ಚಾದರೆ ಅದನ್ನೂ ನಾನೇ ಹಾಕಿದ್ದು.

ಅತ್ತೆ