ಮನೆ ನಮ್ಮದು, ನೆಲ ಅರ್ಬಾಬರದ್ದು

ನಿಜ್ವಾ, ಒಮಾನ್
14 ನವೆಂಬರ್ 2025

ಸಕಲಗುಣಸಂಪನ್ನೆಯೂ, ವಾಟ್ಸಾಪಿಗೆ ಉತ್ತರ ಕೊಡದವಳೂ ಆದ ನಿಶ್ಮಿತಕ್ಕನ ಸನ್ನಿಧಾನಕ್ಕೆ,

ತಮ್ಮ ಲಕ್ಷಿತನ ಸಾಷ್ಟಾಂಗ. ಉಡುಪಿಯಲ್ಲಿ ನೀನೂ ಭಾವನೂ ಪುಟ್ಟಿಯೂ ಸೌಖ್ಯವೆಂದು ನಂಬಿದ್ದೇನೆ. ಪತ್ರ ತಡವಾಯಿತು, ಕ್ಷಮಿಸು. ಕಾರಣ ಘನವಾದದ್ದು: ನಮ್ಮ ಮನೆ ಲಾರಿ ಹತ್ತಿ ತಿರುಗಾಟಕ್ಕೆ ಹೋಗಿತ್ತು!

ತಮಾಷೆಯಲ್ಲ ಅಕ್ಕಾ. ಎತ್ತಿ ಸಾಗಿಸಬಹುದಾದ ಈ ಪೋರ್ಟಾ ಕ್ಯಾಬಿನ್ ಮನೆ ನಮ್ಮದಾದರೂ ನೆಲ ಹಳೆಯ ಅರ್ಬಾಬರದ್ದಲ್ಲವೇ? ಆ ಯಜಮಾನರು ತೀರಿಹೋದ ಮೇಲೆ ಮಕ್ಕಳು ಜಾಗ ಮಾರಿ, ಒಂದು ತಿಂಗಳಲ್ಲಿ ಖಾಲಿ ಮಾಡಿ ಎಂದರು. ಹನ್ನೊಂದು ವರ್ಷ ಬರೀ ಬಾಯಿಮಾತಿನಲ್ಲಿ ಇದ್ದವರು ನಾವು. "ಈದಿಗೆ ಖರ್ಜೂರ ಕಳಿಸುವವರ ಹತ್ತಿರ ಕಾಗದ ಕೇಳುವುದಾ ಮಾರಾಯ? ಮರ್ಯಾದೆ ಉಂಟಾ?" ಎನ್ನುತ್ತಿದ್ದರಲ್ಲ ಅಪ್ಪ! ಹೊಸ ಜಾಗದಲ್ಲೂ ಅದೇ ಬಾಯಿಮಾತು.

ಕ್ರೇನ್ ಎತ್ತುವಾಗ ಅಡಿಯ ಹಲಗೆ ಬಿರಿಯಿತು. ದುರಸ್ತಿಗೆ ಸಾಲ ಕೇಳಲು ಹೋದರೆ ಬ್ಯಾಂಕಿನ ಹೇಝಲ್ ಬಾಯಿ, ಮಂಗಳೂರಿನವರೇ, ಅಪ್ಪನಿಗೆ "ಕೊಗ್ಗಣ್ಣ, ನೆಲ ನಿಮ್ಮದಲ್ಲ, ಕರಾರೂ ಇಲ್ಲ. ಬ್ಯಾಂಕಿಗೆ ಇದು ಮನೆಯಲ್ಲ, ದೊಡ್ಡ ಪೆಟ್ಟಿಗೆ" ಎಂದರು. ದುರಸ್ತಿಯಾಗದಿದ್ದರೆ ಅದನ್ನು ಗುಜರಿಗೆ ಹಾಕಿ ಅಮ್ಮನನ್ನು ಊರಿಗೆ ಕಳಿಸುವುದೆಂದು ಅಪ್ಪ ನಿಶ್ಚಯಿಸಿದರು. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆಗ ಅವತರಿಸಿದವನು ನಾನು! ಹೊಸ ಜಾಗದ ಯಜಮಾನ ಖಲ್ಫಾನರ ಮನೆಯಲ್ಲಿ ಕಾಫಿ ಕುಡಿಯುತ್ತಾ ಅಪ್ಪ ಒಂದು ಗಂಟೆ ಸೆಕೆಯ ಬಗ್ಗೆಯೇ ಮಾತಾಡಿದರು. ನಾನು ಎದ್ದು, ಎದೆಯ ಮೇಲೆ ಕೈಯಿಟ್ಟು, ಹಿಂದಿಯಲ್ಲಿ ಘೋಷಿಸಿದೆ: "ಅರ್ಬಾಬ್, ನನ್ನ ತಂದೆ ಮದುಮಗಳ ಹಾಗೆ ನಾಚುತ್ತಿದ್ದಾರೆ. ಅವರಿಗೆ ಬೇಕಾದದ್ದು ಐದು ವರ್ಷದ ಕರಾರು."

ಅಪ್ಪ ನನ್ನ ಕಾಲು ತುಳಿದರು. ಖಲ್ಫಾನ್ ಬಿದ್ದುಬಿದ್ದು ನಕ್ಕರು. "ಕಾಗದವಿಲ್ಲದೆ ನಾನು ಆಡನ್ನೂ ಮಾರುವುದಿಲ್ಲ. ನೀವು ಕೇಳದಿದ್ದದ್ದೇ ನನಗೆ ಅನುಮಾನ! ಯಲ್ಲಾ, ನಾಳೆಯೇ ಬರೆಯೋಣ."

ಕರಾರಿನ ಮೇಲೆ ಬಲದಿಯಾದ, ಅಂದರೆ ಇಲ್ಲಿಯ ಪುರಸಭೆಯ, ಮೊಹರು ಬಿತ್ತು ಅಕ್ಕಾ! ಹೇಝಲ್ ಬಾಯಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಸಾಲ ಮಂಜೂರು ಮಾಡಿಯೇಬಿಟ್ಟರು. ಹಲಗೆ ದುರಸ್ತಿಯಾಗಿ ಅಮ್ಮ ಮತ್ತೆ ಹಾಲುಕ್ಕಿಸಿದಳು. ಒಂದೇ ಮನೆಗೆ ಎರಡು ಗೃಹಪ್ರವೇಶ, ಯಾವ ಅರಸನಿಗುಂಟು ಹೇಳು?

ಪುಟ್ಟಿಗೆ ಹತ್ತು ಮುತ್ತು, ಭಾವನಿಗೆ ದೂರದಿಂದಲೇ ನಮಸ್ಕಾರ. ಕಿರಿಯನಾದರೂ ನಿನಗೆ ನನ್ನ ತುಂಬು ಆಶೀರ್ವಾದ.

ಇಂತಿ,
ಒಂದು ಆಜ್ಞೆಯನ್ನೂ ಪಾಲಿಸದ ನಿನ್ನ ಆಜ್ಞಾಧಾರಕ
ಲಕ್ಷಿತ್

ತಾ.ಕ.: ಅಪ್ಪನಿಗೆ ಇನ್ನೆರಡೇ ವರ್ಷ ಕೆಲಸ. ಹಾಗಾಗಿ ಕರಾರು, ಸಾಲ ಎರಡೂ ನನ್ನ ಹೆಸರಿಗೆ. ಐದು ವರ್ಷ ಇಲ್ಲಿಯ ಕೆಲಸ ಬಿಡುವ ಹಾಗಿಲ್ಲ. ದೂರದ ಕಡಲತೀರದ ಖಸಬಿನಲ್ಲಿ ಪ್ರವಾಸಿಗರ ದೋಣಿ ನಡೆಸುವ ಕಂಪನಿ ನನ್ನನ್ನು ಕೆಲಸಕ್ಕೆ ಕರೆದಿತ್ತು, ನಾನು ಮೂರು ವರ್ಷ ಕಾದ ಮೇಲೆ. ಬರುವುದಿಲ್ಲ ಎಂದು ನಿನ್ನೆ ಹೇಳಿದೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ನೀನೂ ಹೇಳಬೇಡ. ಇಷ್ಟು ವರ್ಷ ಗೋಡೆಗೆ ಒಂದು ಮೊಳೆಯನ್ನೂ ಹೊಡೆಯದ ಅಪ್ಪ, ಈಗ ಆಚೆ ಕೋಣೆಯಲ್ಲಿ ಅಜ್ಜನ ಫೋಟೋ ತೂಗುಹಾಕುತ್ತಿದ್ದಾರೆ.