ಕುರಿಯ ಹೊಟ್ಟೆಯಲ್ಲಿದ್ದ ಮದ್ದು

ತಾತಾ,

ನೀವಿದ್ದಿದ್ದರೆ ಇದನ್ನು ನಿಮ್ಮ ಬಲಗಿವಿಗೆ ಬಾಯಿಟ್ಟು ಕೂಗಿ ಹೇಳುತ್ತಿದ್ದೆ. ಗೌರಜ್ಜಿಯ ಕುರಿಗಳು ಯಾಕೆ ಸತ್ತವು ಅಂತ ಗೊತ್ತಾಯಿತು!

ಕಾಮಾಕ್ಷಿಪಾಳ್ಯದ ನಮ್ಮ ಮನೆ ಜಗಲಿಯಲ್ಲಿ ಕೂತು ಅದೆಷ್ಟು ಸಲ ಹೇಳಿದ್ದಿರಿ. ಐವತ್ತರ ದಶಕ, ಸುತ್ತ ಬರೀ ಹೊಲ. ಹೊಸದಾಗಿ ಮದುವೆಯಾಗಿದ್ದ ನಿಮ್ಮ ತಂಗಿ ಗೌರಜ್ಜಿ, ಸಂತೆಯಲ್ಲಿ ಕೊಂಡ ಮೂರು ಕುರಿಗಳನ್ನು ಲಗ್ಗೆರೆಯ ಗಂಡನ ಮನೆಗೆ ಹೊಡೆದುಕೊಂಡು ಹೋಗುವಾಗ ತವರಿಗೆ ಬಂದರು. ನಡೆದು ನಡೆದು ಕುರಿಗಳು ಹಸಿದಿದ್ದವು. ಕೆರೆ ಪಕ್ಕದ ಹೊಲ ತೋರಿಸಿದ್ದು ನೀವೇ. ನೆಲದ ತುಂಬ, ನಾವೂ ಸಾರು ಮಾಡಿ ಉಣ್ಣುವ ಗೋಣಿ ಸೊಪ್ಪು. “ಬಿಡವ್ವ, ನನ್ ಕುರಿ ದಿನಾ ಇದ್ನೇ ತಿಂತವೆ.” ಸಂಜೆಗೆ ಅವರ ಮೂರೂ ನಡುಗಿ ಬಿದ್ದು ಸತ್ತವು. ನಿಮ್ಮವು ಪಕ್ಕದಲ್ಲೇ ಮೆಲುಕು ಹಾಕುತ್ತ ನಿಂತಿದ್ದವು.

“ನೀನು ನಿನ್ನವಕ್ಕೆ ಮೊದ್ಲೇ ವಿಷ ಹತ್ತದ ಮದ್ದು ಕುಡ್ಸಿದ್ದೆ. ನನ್ನವಕ್ಕೆ ಕೊಡ್ಲಿಲ್ಲ, ಅಲ್ವಾ ಅಣ್ಣ?”

ಹಾಗಂದು ಹೋದವರು ಮತ್ತೆ ಹೊಸ್ತಿಲು ತುಳಿಯಲಿಲ್ಲ. ನೀವು ತೀರಿಕೊಂಡ ದಿನವೂ ಬೀದಿಯಲ್ಲೇ ನಿಂತು ಹೋದರು. ನೀವೂ ಅಷ್ಟೇ, ಮತ್ತೆಂದೂ ಗೋಣಿ ಸೊಪ್ಪಿನ ಸಾರು ಉಣ್ಣಲಿಲ್ಲ. ಕುರಿ ಯಾಕೆ ಸತ್ತವು ತಾತಾ ಅಂತ ಕೇಳಿದರೆ, “ನಂಗೇ ಗೊತ್ತಿಲ್ಲ ಕಣೋ, ಅವ್ಳಿಗೇನ್ ಹೇಳ್ಲಿ…”

ನನಗೆ ಸೂಕ್ಷ್ಮಜೀವಿಗಳ ಹುಚ್ಚು ಹಿಡಿದದ್ದು ನಿಮಗೆ ಗೊತ್ತಲ್ಲ? ಫೋನ್ ನೋಡೋದು ಬಿಡೋ ಅಂತ ಬೈತಿದ್ದಿರಿ. ಅದೇ ಫೋನಿನ ಸೂಕ್ಷ್ಮಜೀವಿ ಗ್ರೂಪ್‌ನಲ್ಲಿ ಮೊನ್ನೆ ನಿಮ್ಮ ಕತೆ ಹಾಕಿದೆ. ಪಶುವೈದ್ಯ ಓದುತ್ತಿರುವ ಗೆಳೆಯ ತಕ್ಷಣ ಬರೆದ: “ಗುರು, ಗೋಣಿ ಸೊಪ್ಪಲ್ಲಿ ಆಕ್ಸಲೇಟ್ ಇರತ್ತೆ, ಜಾಸ್ತಿ ಆದ್ರೆ ವಿಷ. ದಿನಾ ಸ್ವಲ್ಪ ಸ್ವಲ್ಪ ತಿಂದ್ರೆ, ಅದನ್ನ ಮುರಿಯೋ ಬ್ಯಾಕ್ಟೀರಿಯಾ ಕುರಿ ಹೊಟ್ಟೇಲಿ ಬೆಳ್ಕೊಳ್ಳತ್ತೆ. ಹಸಿದ ಹೊಸ ಕುರಿ ಒಂದೇ ಸಲ ಹೊಟ್ಟೆ ತುಂಬ ತಿಂದ್ರೆ ಕತೆ ಮುಗೀತು.” ಓದಿ ಎದ್ದು ಕುಣಿದೆ. ಆಮೇಲೆ ಅಳು ಬಂತು. ಇಷ್ಟೇನಾ ತಾತಾ? ಇಷ್ಟಕ್ಕೇನಾ…

ನಿನ್ನೆ ವಿಜಯನಗರಕ್ಕೆ ಹೋಗಿದ್ದೆ, ಗೌರಜ್ಜಿ ಈಗ ಮಗಳ ಮನೆಯಲ್ಲಿದ್ದಾರೆ. ಎಲ್ಲ ಹೇಳಿದೆ. ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ಹಂಗಾದ್ರೆ ಮದ್ದು ಇತ್ತು ಅನ್ನು.”

“ಇತ್ತು ಅಜ್ಜಿ, ಕುರಿ ಹೊಟ್ಟೇಲಿ. ತಾತಂಗೂ ಗೊತ್ತಿರ್ಲಿಲ್ಲ.”

ಸೆರಗಿನಿಂದ ಕನ್ನಡಕ ಒರೆಸಿ ಹಾಕಿಕೊಂಡರು. “ಮುಂಡೇದು, ಒಂದ್ಸಲ ಬಂದು ಬೈದಿದ್ರೂ ನಾನ್ ತವರಿಗೆ ಹೋಗ್ತಿದ್ದೆ… ಅಮಾಸೆಗೆ ಅಣ್ಣನ ಎಡೆಗೆ ಏನೇನ್ ಇಡ್ತೀರೋ?”

“ಮಟನ್ನು, ವಡೆ, ಕಜ್ಜಾಯ…”

“ಗೋಣಿ ಸೊಪ್ಪಿನ ಸಾರು? ಅದು ಅಂದ್ರೆ ಪ್ರಾಣ ಬಿಡ್ತಿದ್ದ.”

“ಮನೇಲಿ ಯಾರೂ ಮಾಡಲ್ಲ ಅಜ್ಜಿ.”

“ಸೊಪ್ಪು ತಂದಿಡು. ನಾನೇ ಬಂದ್ ಮಾಡ್ತೀನಿ.”

ಮಹಾಲಯ ಅಮಾವಾಸ್ಯೆಗೆ ನಾನೇ ಆಟೋದಲ್ಲಿ ಕರೆತರುತ್ತೇನೆ, ಕೈ ಹಿಡಿದು ಹೊಸ್ತಿಲು ದಾಟಿಸುತ್ತೇನೆ. ನಿಮ್ಮ ಎಡೆಗೆ ಸಾರು ಬಡಿಸುವುದು ನಿಮ್ಮ ತಂಗಿಯೇ. ಒಂದೇ ಮಾತು ತಾತಾ, ನೀವು ಈ ಸೊಪ್ಪು ಬಿಟ್ಟು ತುಂಬ ವರ್ಷವಾಗಿದೆ. ಆತುರ ಬೇಡ, ಮೊದಲು ಸ್ವಲ್ಪ ಸ್ವಲ್ಪ ಉಣ್ಣಿ.